ಹೆಚ್ಚಾದುದನ್ನು ಬಿಡುವ ವಿದ್ಯೆ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸಮಯಸಾಧಕನಿಗೆ ಹೇಳಿದ ಬುದ್ಧಿಮಾತೆಂದು ತಿಳಿದು, ಅದನ್ನು ಆಡುವಾಗ ತುಟಿಯಂಚಿನಲ್ಲಿ ಒಂದು ಸಣ್ಣ ನಗೆಯನ್ನು ತಂದುಕೊಳ್ಳುವುದುಂಟು. ಆದರೆ ಈ ಗಾದೆಯು ಹುಟ್ಟಿದ್ದು ಸುಗ್ಗಿಯ ಕಣದಲ್ಲಿ. ಅಲ್ಲಿ ಎತ್ತರದ ಮಣೆಯ ಮೇಲೆ ಮೊರ ಹಿಡಿದು ನಿಂತ ರೈತನನ್ನು ಒಂದು ಗಳಿಗೆ ನಿಂತು ನೋಡಿದವನಿಗೆ, ಆತನು ಮಾಡುತ್ತಿರುವುದು ಕೇವಲ ಅವಕಾಶವನ್ನು ಹಿಡಿಯುವ ಕೆಲಸವಲ್ಲವೆಂಬುದು ತಿಳಿಯದೆ ಇರದು. ಗಾಳಿ ಮೆಲ್ಲಗೆ ಬೀಸುತ್ತಿದ್ದರೆ ಅವನು ಮೊರವನ್ನು ತಲೆಯ ಮೇಲಕ್ಕೆತ್ತಿ, ಕಾಳನ್ನು ಎಳೆಎಳೆಯಾಗಿ ಸುರಿಯುತ್ತಾನೆ. ಗಾಳಿ ಬಿರುಸಾಯಿತೆಂದರೆ ಮೊರವನ್ನು ಸೊಂಟದ ಮಟ್ಟಕ್ಕಿಳಿಸಿ ದಪ್ಪಧಾರೆಯಾಗಿ ಬಿಡುತ್ತಾನೆ. ಹೊಟ್ಟಿನೊಡನೆ ಗಟ್ಟಿಕಾಳೂ ಹಾರತೊಡಗಿತೋ, ಕೈಯನ್ನು ತಡೆದು ಸುಮ್ಮನೆ ನಿಲ್ಲುತ್ತಾನೆ. ಅವನ ಕಣ್ಣಿರುವುದು ಗಾಳಿಯ ಮೇಲಲ್ಲ, ಹೊಟ್ಟು ಎಲ್ಲಿ ಬೀಳುತ್ತಿದೆಯೆಂಬುದರ ಮೇಲೆ. ಕಣ್ಣು ಕಂಡುದನ್ನು ಕೈಗೆ ತಿಳಿಸಿ, ಕೈಯು ಮಾಡಿದುದನ್ನು ಕಣ್ಣು ಮತ್ತೆ ಪರೀಕ್ಷಿಸುವ ಈ ಚಕ್ರಕ್ಕೆ ಇಂದಿನ ಯಂತ್ರವಿಜ್ಞಾನದಲ್ಲಿ ನಿಯಂತ್ರಣ ಶಾಸ್ತ್ರವೆಂಬ ದೊಡ್ಡ ಹೆಸರಿದೆ. ಅದಕ್ಕಾಗಿ ಪ್ರತ್ಯೇಕ ಪೀಠಗಳೂ ಪ್ರಾಧ್ಯಾಪಕರೂ ಇದ್ದಾರೆ.

ಗಾಳಿಯಿಂದ ಕೆಲಸ ತೆಗೆಯಹೊರಟವನಿಗೆ ಎದುರಾಗುವ ಕಷ್ಟ ಎರಡು: ಬೇಕಾದಾಗ ಅದು ಬಾರದೆ ಇರುವುದು ಒಂದು, ಬಂದಾಗ ಬೇಕಾದುದಕ್ಕಿಂತ ಹೆಚ್ಚು ಬರುವುದು ಇನ್ನೊಂದು. ಮೊದಲನೆಯ ಕಷ್ಟವನ್ನು ಎಲ್ಲರೂ ಬಲ್ಲರು; ಎರಡನೆಯದರ ಭೀಕರತೆಯನ್ನು ಬಲ್ಲವರು ಕಡಿಮೆ. ಗಾಳಿಯ ವೇಗವು ಇಮ್ಮಡಿಯಾದರೆ, ಒಂದು ಕ್ಷಣದಲ್ಲಿ ಚಕ್ರವನ್ನು ಹಾಯ್ದುಹೋಗುವ ಗಾಳಿಯ ಮೊತ್ತವು ಇಮ್ಮಡಿಯಾಗುವುದಲ್ಲದೆ, ಆ ಗಾಳಿಯ ಒಂದೊಂದು ಸೇರಿನಲ್ಲಿ ಅಡಗಿರುವ ಶಕ್ತಿಯು ನಾಲ್ಮಡಿಯಾಗುತ್ತದೆ. ಆದಕಾರಣ ಒಟ್ಟು ಶಕ್ತಿಯು ಎಂಟು ಮಡಿಯಾಗುತ್ತದೆ. ವೇಗವು ಮೂರು ಪಟ್ಟಾದರೆ ಶಕ್ತಿಯು ಇಪ್ಪತ್ತೇಳು ಪಟ್ಟು. ಬೆಳಗಿನ ತಂಗಾಳಿಗೆ ಹದವಾಗಿ ತಿರುಗುವಂತೆ ಕಟ್ಟಿದ ಯಂತ್ರವು ಸಂಜೆಯ ಬಿರುಗಾಳಿಗೆ ಸಿಕ್ಕಿ ಪುಡಿಯಾಗುವುದು ಈ ಲೆಕ್ಕದ ಫಲವೇ. ಹೀಗಾಗಿ, ಗಾಳಿಯಂತ್ರದ ಚರಿತ್ರೆಯೆಂದರೆ ಹಿಡಿಯುವುದರ ಚರಿತ್ರೆ ಎಷ್ಟೋ, ಬಿಡುವುದರ ಚರಿತ್ರೆಯೂ ಅಷ್ಟೇ. ಈ ಬಿಡುವ ವಿದ್ಯೆಗೆ ತನ್ನ ಜೀವಮಾನದ ಉತ್ತರಾರ್ಧವನ್ನು ಮುಡಿಪಾಗಿಟ್ಟವನು ಡೆನ್ಮಾರ್ಕ್ ದೇಶದ ಹಳ್ಳಿಯೊಂದರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪೌಲ್ ಲಾ ಕೂರ್ ಎಂಬ ಉಪಾಧ್ಯಾಯ.

ಆತನ ಕಾಲಕ್ಕೆ ಈ ವಿದ್ಯೆ ತೀರ ಹೊಸದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಎಡ್ಮಂಡ್ ಲೀ ಎಂಬವನು 1745ರಲ್ಲಿ ಹಕ್ಕುಪತ್ರ ಪಡೆದ ಒಂದು ಸಾಧನವನ್ನು ನೋಡಿ: ಬೀಸುವ ಗಾಳಿಯಂತ್ರದ ಬೆನ್ನಿಗೆ, ಮುಖ್ಯ ರೆಕ್ಕೆಗಳಿಗೆ ಅಡ್ಡವಾಗಿ ಒಂದು ಪುಟ್ಟ ಗಾಳಿಚಕ್ರ. ಮುಖ್ಯ ರೆಕ್ಕೆಗಳು ಗಾಳಿಗೆ ನೇರವಾಗಿ ಮುಖಮಾಡಿ ನಿಂತಿರುವಾಗ ಈ ಪುಟ್ಟ ಚಕ್ರಕ್ಕೆ ಗಾಳಿಯ ಹೊಡೆತ ತಗಲದೆ ಅದು ಸುಮ್ಮನಿರುತ್ತದೆ. ಗಾಳಿಯು ದಿಕ್ಕು ಬದಲಿಸಿತೆಂದರೆ ಹೊಡೆತ ತಗಲಿ ಅದು ತಿರುಗತೊಡಗುತ್ತದೆ, ತಿರುಗಿ ಹಲ್ಲುಚಕ್ರಗಳ ಮೂಲಕ ಯಂತ್ರದ ತಲೆಯನ್ನೇ ಹೊರಳಿಸುತ್ತದೆ, ಹೊರಳಿಸಿ ರೆಕ್ಕೆಗಳು ಮತ್ತೆ ಗಾಳಿಗೆ ಮುಖಾಮುಖಿಯಾದೊಡನೆ ತಾನೂ ನಿಲ್ಲುತ್ತದೆ. ತಪ್ಪೇ ತಿದ್ದುವ ಶಕ್ತಿಯಾಗಿ, ತಪ್ಪು ತೀರಿದೊಡನೆ ತಿದ್ದುವ ಶಕ್ತಿಯೂ ತೀರುವ ಈ ಏರ್ಪಾಡಿಗಿಂತ ಸೊಗಸಾದ ನಿಯಂತ್ರಣದ ಪಾಠವನ್ನು ಇಂದಿನ ಪಠ್ಯಪುಸ್ತಕಗಳಲ್ಲಿ ಹುಡುಕುವುದು ಕಷ್ಟ. ತಿರುಗಿದಷ್ಟೂ ಹೊರಚಾಚುವ ಎರಡು ಗುಂಡುಗಳ ‘ಗವರ್ನರ್’ ಎಂಬ ಉಪಕರಣವನ್ನು ಥಾಮಸ್ ಮೀಡ್ ಎಂಬವನು 1787ರಲ್ಲಿ ಗಾಳಿಯಂತ್ರಕ್ಕೆಂದೇ ಅಳವಡಿಸಿದನು. ಮರುವರ್ಷ ಜೇಮ್ಸ್ ವಾಟನು ಅದೇ ತತ್ತ್ವವನ್ನು ತನ್ನ ಉಗಿಯಂತ್ರಕ್ಕೆ ಜೋಡಿಸಿ ಜಗತ್ಪ್ರಸಿದ್ಧನಾದನು. ನಿಯಂತ್ರಣ ಶಾಸ್ತ್ರದ ತೊಟ್ಟಿಲು ಉಗಿಯ ಕಾರ್ಖಾನೆಯೆಂದು ಹೇಳುವವರು ಅದರ ಪಕ್ಕದಲ್ಲಿದ್ದ ಹಿಟ್ಟಿನ ಗಿರಣಿಯನ್ನು ಮರೆತಿರುತ್ತಾರೆ.

ಆದರೆ ತಿದ್ದುವ ಕೈ ಅವಸರದ್ದಾದರೆ ತಿದ್ದುವಿಕೆಯೇ ರೋಗವಾಗುವುದೂ ಉಂಟು. ಬಚ್ಚಲಿನಲ್ಲಿ ನೀರು ಬೆರೆಸಿಕೊಳ್ಳುವವನು, ಬಿಸಿ ಹೆಚ್ಚಾಯಿತೆಂದು ಒಂದು ಬಕೆಟ್ಟು ತಣ್ಣೀರನ್ನು ಸುರಿದು, ತಣ್ಣಗಾಗಿಹೋಯಿತೆಂದು ಹಂಡೆಯಿಂದ ಇನ್ನಷ್ಟು ಬಿಸಿನೀರನ್ನು ಸುರಿದು, ಕೊನೆಗೆ ತೊಟ್ಟಿ ತುಂಬಿದರೂ ಹದ ಕಾಣದೆ ನಡುಗುತ್ತ ಕುಳಿತಿರುವಂತೆ, ಗವರ್ನರುಗಳೂ ಹೆಚ್ಚು–ಕಡಿಮೆಗಳ ನಡುವೆ ತೂಗಾಡಿ ಯಂತ್ರವನ್ನು ಕೆಡಿಸುತ್ತಿದ್ದವು. ಯಾವ ತಿದ್ದುವಿಕೆಯು ಶಾಂತಿಗೆ ಬರುತ್ತದೆ, ಯಾವುದು ಡೋಲಾಯಮಾನವಾಗುತ್ತದೆ ಎಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು 1868ರಲ್ಲಿ ಗವರ್ನರುಗಳನ್ನು ಕುರಿತ ಒಂದು ಚಿಕ್ಕ ಪ್ರಬಂಧದಲ್ಲಿ ಗಣಿತದ ಮೂಲಕ ವಿವರಿಸಿದನು. ಆಗ ಲಾ ಕೂರನಿಗೆ ಇಪ್ಪತ್ತೆರಡು ವರ್ಷ.

ಲಾ ಕೂರನು 1846ರ ಏಪ್ರಿಲಿನಲ್ಲಿ ಜಟ್‌ಲೆಂಡಿನ ಎಬೆಲ್‌ಟಾಫ್ಟ್ ಊರಿನ ಬಳಿಯ ಒಂದು ರೈತ ಮನೆತನದಲ್ಲಿ ಹುಟ್ಟಿದನು. ಪದಾರ್ಥವಿಜ್ಞಾನವನ್ನೂ ಹವಾಶಾಸ್ತ್ರವನ್ನೂ ಓದಿ, 1872ರಲ್ಲಿ ಸ್ಥಾಪಿತವಾದ ಡೆನ್ಮಾರ್ಕಿನ ಹವಾಮಾನ ಸಂಸ್ಥೆಯಲ್ಲಿ ಉಪನಿರ್ದೇಶಕನಾದನು. ಸರ್ಕಾರಿ ಹುದ್ದೆ, ರಾಜಧಾನಿಯ ವಾಸ, ಮುಂದೆ ಮೇಲೇರುವ ನಿರೀಕ್ಷೆ, ಇಷ್ಟಿದ್ದೂ ಆತನ ಮನಸ್ಸು ತಂತಿ ಸಮಾಚಾರದ ಒಂದು ತೊಡಕಿನಲ್ಲಿ ಸಿಕ್ಕಿಕೊಂಡಿತ್ತು. ಒಂದೇ ತಂತಿಯ ಮೇಲೆ ಹಲವು ಸಂದೇಶಗಳನ್ನು ಕಳುಹಿಸಬೇಕಾದರೆ, ನೂರಾರು ಮೈಲಿ ದೂರದ ಎರಡು ಊರುಗಳಲ್ಲಿ ಎರಡು ಚಕ್ರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಲಯದಲ್ಲಿ ತಿರುಗಬೇಕಷ್ಟೆ. ಇದಕ್ಕಾಗಿ ಅವನು 1870ರ ದಶಕದಲ್ಲಿ ಕಂಡುಹಿಡಿದುದು ‘ಸ್ವರಚಕ್ರ’. ಶ್ರುತಿಕವೆಯೊಂದು ತನ್ನ ಸ್ವಭಾವಸಿದ್ಧವಾದ ಕಂಪನದಲ್ಲಿ ನಡುಗುತ್ತಿರುತ್ತದೆ. ಒಂದೊಂದು ನಡುಕಕ್ಕೂ ಒಂದೊಂದು ವಿದ್ಯುತ್ ಮಿಡಿತವು ವಿದ್ಯುತ್ಕಾಂತಕ್ಕೆ ಹೋಗುತ್ತದೆ. ಒಂದೊಂದು ಮಿಡಿತಕ್ಕೂ ಕಬ್ಬಿಣದ ಚಕ್ರದ ಒಂದೊಂದು ಹಲ್ಲು ಸೆಳೆಯಲ್ಪಡುತ್ತದೆ. ಕವೆಯ ಶ್ರುತಿ ಕೆಡದಿರುವವರೆಗೂ ಚಕ್ರದ ಗತಿ ಕೆಡದು. ಮೃದಂಗದವನು ಗಾಯಕನ ತಾಳಕ್ಕೆ ಕೈಗೂಡಿಸುವಂತೆ, ಲೋಹದ ಚಕ್ರವನ್ನು ಒಂದು ಸ್ವರಕ್ಕೆ ಕಟ್ಟಿಹಾಕಿದ ಈ ಯುಕ್ತಿಯು ತಂತಿ ಇಲಾಖೆಗಳಲ್ಲಿ ಬಳಕೆಗೆ ಬಂದಿತಾದರೂ, ಕೀರ್ತಿಯ ವಿಚಾರದಲ್ಲಿ ಲಾ ಕೂರನಿಗೆ ಸಮುದ್ರದಾಚೆಯ ಪ್ರತಿಸ್ಪರ್ಧಿಗಳೊಡನೆ ವಾದವಿವಾದಗಳೇ ಹೆಚ್ಚಾಗಿ ದಕ್ಕಿದವು.

1878ರಲ್ಲಿ ಆತನು ರಾಜಧಾನಿಯನ್ನು ಬಿಟ್ಟು ಆಸ್ಕೋವ್ ಎಂಬ ಹಳ್ಳಿಯ ಜನತಾ ಪ್ರೌಢಶಾಲೆಗೆ ಗಣಿತ ಮತ್ತು ವಿಜ್ಞಾನಗಳ ಅಧ್ಯಾಪಕನಾಗಿ ಬಂದನು. ಈ ಶಾಲೆಗಳ ಕಲ್ಪನೆಯು ಗ್ರುಂಟ್ವಿಗ್ ಎಂಬ ಧರ್ಮಗುರುವಿನದು: ಪರೀಕ್ಷೆಯಿಲ್ಲ, ಪದವಿಯಿಲ್ಲ, ಹೊಲಗೆಲಸ ಬಿಡುವಾದ ಚಳಿಗಾಲದಲ್ಲಿ ವಯಸ್ಸಿಗೆ ಬಂದ ರೈತರ ಮಕ್ಕಳು ಶಾಲೆಯಲ್ಲೇ ವಾಸವಿದ್ದು ಮಾತೃಭಾಷೆಯಲ್ಲಿ ಚರಿತ್ರೆ, ಸಾಹಿತ್ಯ, ವಿಜ್ಞಾನಗಳನ್ನು ಕೇಳಿ ತಿಳಿದು ಮತ್ತೆ ನೇಗಿಲಿಗೆ ಮರಳುವುದು. ಅವುಗಳಲ್ಲಿ ಮೊಟ್ಟಮೊದಲನೆಯದಾದ ರೋಡಿಂಗ್ ಶಾಲೆಯ ನೆಲವು 1864ರ ಯುದ್ಧದಲ್ಲಿ ಪ್ರಷ್ಯದ ವಶವಾಗಲು, ಉಪಾಧ್ಯಾಯರು ಹೊಸ ಗಡಿಯ ಈಚೆಗೆ ಬಂದು ಮರುವರ್ಷವೇ ಆಸ್ಕೋವಿನಲ್ಲಿ ಪಾಠ ಪ್ರಾರಂಭಿಸಿದರು. ನಮ್ಮ ಹಳೆಯ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ನಂಜನಗೂಡಿನಲ್ಲಿ ರೈತ ಯುವಕರಿಗಾಗಿ ವಿದ್ಯಾಪೀಠವನ್ನು ತೆರೆದಾಗ ಅದರ ಕಣ್ಣ ಮುಂದಿದ್ದ ಮಾದರಿಯೂ ಈ ಡೇನಿಷ್ ಶಾಲೆಗಳದೇ. ಅಂಥ ಶಾಲೆಯಲ್ಲಿ ಲಾ ಕೂರನು ಗಣಿತವನ್ನು ಸೂತ್ರಗಳ ಪಟ್ಟಿಯಾಗಿ ಹೇಳದೆ, ಮಾನವನು ಅದನ್ನು ಕಂಡುಕೊಂಡ ಕಥೆಯಾಗಿ ಹೇಳಿದನು. ‘ಐತಿಹಾಸಿಕ ಗಣಿತ’ವೆಂಬ ಆತನ ಪುಸ್ತಕವು ಆ ಪಾಠಗಳಿಂದಲೇ ರೂಪುಗೊಂಡಿತು.

ಆತನನ್ನು ಕಾಡುತ್ತಿದ್ದ ಚಿಂತೆ ಮತ್ತೊಂದು. ವಿದ್ಯುತ್ತೆಂಬ ಹೊಸ ಸಂಪತ್ತು ಪಟ್ಟಣಗಳನ್ನು ಸೇರುತ್ತಿತ್ತು. ಅದರ ಹಿಂದೆಯೇ ಕೈಗಾರಿಕೆ, ಕೈಗಾರಿಕೆಯ ಹಿಂದೆಯೇ ಹಳ್ಳಿಯ ಯುವಕರು. ಕಲ್ಲಿದ್ದಲಿಲ್ಲದ ಡೆನ್ಮಾರ್ಕಿನ ಹಳ್ಳಿಗಳಿಗೆ ಧಾರಾಳವಾಗಿದ್ದ ಧನವೆಂದರೆ ಗಾಳಿ. ಆದರೆ ಅದು ಚಂಚಲ. 1891ರಲ್ಲಿ ಸರ್ಕಾರದಿಂದ ಧನಸಹಾಯ ಪಡೆದು ಆತನು ಆಸ್ಕೋವಿನಲ್ಲಿ ಒಂದು ಪ್ರಯೋಗದ ಗಾಳಿಯಂತ್ರವನ್ನು ಕಟ್ಟಿದನು. ಅದರ ಮುಂದಿದ್ದ ಪ್ರಶ್ನೆಯು ಸ್ಪಷ್ಟ: ಕ್ಷಣಕ್ಕೊಂದು ವೇಗದ ಗಾಳಿಯು ಡೈನಮೋವನ್ನು ಕ್ಷಣಕ್ಕೊಂದು ಬಲದಿಂದ ಎಳೆದರೆ, ಹುಟ್ಟುವ ವಿದ್ಯುತ್ತು ಯಾವ ಕೆಲಸಕ್ಕೂ ಒದಗದು, ಸ್ವರಚಕ್ರವನ್ನು ಕಟ್ಟಿದವನಿಗೆ ಏಕಗತಿಯ ಬೆಲೆ ಗೊತ್ತು, ಆದರೆ ಗಾಳಿಯನ್ನು ಕಟ್ಟಿಹಾಕಲು ಶ್ರುತಿಕವೆ ಎಲ್ಲಿಂದ ತರಬೇಕು?

ಅದಕ್ಕೆ ಆತನು ಕೊಟ್ಟ ಉತ್ತರದ ಹೆಸರು ‘ಕ್ರಾಟೋಸ್ಟಾಟ್’, ಅಂದರೆ ಬಲವನ್ನು ಸ್ಥಿರವಾಗಿ ನಿಲ್ಲಿಸತಕ್ಕದ್ದು. ಮೊದಲು ಹಲ್ಲುಚಕ್ರಗಳಿಂದ ತೊಡಕಾಗಿದ್ದ ಈ ಉಪಕರಣವು ಆತನ ಕೈಯಲ್ಲಿ ಸರಳವಾಗುತ್ತ ಬಂದು, ಕೊನೆಗೆ ಯಾವ ಹಳ್ಳಿಯ ಕಮ್ಮಾರನಾದರೂ ಮಾಡಿಕೊಡಬಹುದಾದ ರೂಪಕ್ಕೆ ಇಳಿಯಿತು. ಗಾಳಿಯಂತ್ರಕ್ಕೂ ಡೈನಮೋವಿಗೂ ನಡುವೆ ಒಂದು ಅಡ್ಡದಂಡ. ಆ ದಂಡವನ್ನು ಭದ್ರವಾಗಿ ಗೋಡೆಗೆ ಕಚ್ಚಿಸದೆ, ತೂಕ ಕಟ್ಟಿದ ಒಂದು ತೋಳಿನ ಮೇಲೆ ತೂಗುಬಿಟ್ಟಿದೆ. ಒಂದು ಕಡೆಯಿಂದ ಗಾಳಿಯಂತ್ರದ ಪಟ್ಟಿ ಬಂದು ಅದನ್ನು ತಿರುಗಿಸುತ್ತದೆ, ಇನ್ನೊಂದು ಕಡೆಯಿಂದ ಡೈನಮೋದ ಪಟ್ಟಿ ಹೊರಡುತ್ತದೆ. ಗಾಳಿಯ ಎಳೆತವು ತೂಕದ ಅಳತೆಯೊಳಗಿರುವಾಗ ಪಟ್ಟಿಗಳು ಬಿಗಿಯಾಗಿದ್ದು ಬಲವೆಲ್ಲ ಡೈನಮೋವನ್ನು ಸೇರುತ್ತದೆ. ಬಿರುಗಾಳಿ ನುಗ್ಗಿ ಎಳೆತವು ತೂಕವನ್ನು ಮೀರಿತೆಂದರೆ ತೋಳು ಮೇಲೇಳುತ್ತದೆ, ಪಟ್ಟಿ ಸಡಿಲವಾಗುತ್ತದೆ, ಹೆಚ್ಚಾದ ಬಲವು ಚಕ್ರದ ಮೇಲೆ ಜಾರಿಹೋಗುತ್ತದೆ. ಎಳೆತ ತಗ್ಗಿದೊಡನೆ ತೋಳು ಕೆಳಗಿಳಿದು ಪಟ್ಟಿ ಮತ್ತೆ ಬಿಗಿಯುತ್ತದೆ. ಹೊರಗೆ ಗಾಳಿ ಎಷ್ಟೇ ಕುಣಿದರೂ ಒಳಗಿನ ಡೈನಮೋವಿಗೆ ತಲಪುವ ಎಳೆತವು ತೂಕ ಗೊತ್ತುಮಾಡಿದುದಕ್ಕಿಂತ ಮಿಗಿಲಾಗದು. ಗಾಳಿ ಬಿದ್ದುಹೋದಾಗ ಶೇಖರಿಸಿಟ್ಟ ವಿದ್ಯುತ್ತು ಹಿಮ್ಮುಖವಾಗಿ ಹರಿದು ಡೈನಮೋವನ್ನೇ ತಿರುಗಿಸಿ ವ್ಯರ್ಥವಾಗದಂತೆ, ತಾನಾಗಿ ಬಾಗಿಲು ಹಾಕಿಕೊಳ್ಳುವ ಒಂದು ವಿದ್ಯುತ್ಕೀಲಿಯನ್ನೂ ಆತನು ರಚಿಸಿದನು. ಮೇಲಿನ ಮೇರೆಗೆ ಒಂದು ಕಾವಲು, ಕೆಳಗಿನ ಮೇರೆಗೆ ಒಂದು ಕಾವಲು.

ಬಿರುಸಿನ ಗಾಳಿಯ ಉಪದ್ರವ ಹೀಗೆ ತೀರಿದರೂ, ಗಾಳಿಯಿಲ್ಲದ ರಾತ್ರಿಯ ಪ್ರಶ್ನೆ ಉಳಿಯಿತು. ಲಾ ಕೂರನು ಗಾಳಿಯ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಜಲಜನಕ ಮತ್ತು ಆಮ್ಲಜನಕಗಳನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿಟ್ಟು, ಆ ಅನಿಲಗಳ ಜ್ವಾಲೆಯಿಂದ ದೀಪ ಉರಿಸಿದನು. 1895ರಿಂದ 1902ರವರೆಗೆ ಆಸ್ಕೋವ್ ಶಾಲೆಯ ಕೊಠಡಿಗಳು ಹಗಲು ಬೀಸಿದ ಗಾಳಿಯಿಂದ ರಾತ್ರಿ ಬೆಳಗಿದವು. ಜಲಜನಕದೊಳಗೆ ಆಮ್ಲಜನಕದ ಸುಳಿವು ಸೇರಿ ಸ್ಫೋಟಗಳಾಗಿ ಶಾಲೆಯ ಕಿಟಕಿಗಳ ಗಾಜು ಪುಡಿಯಾದುದೂ ಉಂಟು; ಗಾಜು ಹಾಕಿಸಿ ಪಾಠ ಮುಂದುವರಿಸಿದುದೂ ಉಂಟು. ಅನಿಲದಿಂದ ಎಂಜಿನು ನಡೆಸುವ ಆಸೆ ಮಾತ್ರ ಕೈಗೂಡಲಿಲ್ಲ. ಆತನು ಅದನ್ನು ಹಟದಿಂದ ಹಿಡಿದು ಕೂರದೆ ಸೀಸದ ವಿದ್ಯುತ್ಕೋಶಗಳತ್ತ ತಿರುಗಿದನು. 1902ರಿಂದ ಆಸ್ಕೋವ್ ಹಳ್ಳಿಗೇ ಗಾಳಿಯ ವಿದ್ಯುತ್ತು ಹರಿಯಿತು. ಇಂದು ರಾಷ್ಟ್ರಗಳು ‘ಹಸಿರು ಜಲಜನಕ’ವೆಂದು ಹೊಸ ಉತ್ಸಾಹದಿಂದ ಮಾತಾಡುತ್ತಿರುವುದು ಆ ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಉರಿದ ದೀಪದ ವಿಷಯವನ್ನೇ.

ಇದರ ನಡುವೆ ಆತನು ಕೊಳವೆಯಾಕಾರದ ಗಾಳಿಸುರಂಗಗಳನ್ನು ಕಟ್ಟಿ, ಬೀಸಣಿಗೆಯಿಂದ ಏಕಪ್ರಕಾರವಾದ ಗಾಳಿಯನ್ನು ಹಾಯಿಸಿ, ರೆಕ್ಕೆಗಳ ಸಂಖ್ಯೆ, ಬಾಗು, ಓರೆಗಳನ್ನು ಒಂದೊಂದಾಗಿ ಅಳೆದನು. ರೆಕ್ಕೆಗಳು ಹೆಚ್ಚಾದಷ್ಟೂ ಬಲ ಹೆಚ್ಚೆಂಬುದು ಜನಸಾಮಾನ್ಯರ ಎಣಿಕೆ. ಆತನ ಅಳತೆಗಳು ಹೇಳಿದುದು, ಕಡಿಮೆ ರೆಕ್ಕೆಗಳು ವೇಗವಾಗಿ ತಿರುಗುವುದೇ ಲೇಸೆಂದು. ಗಾಳಿಯಿಂದ ಅತ್ಯಧಿಕವೆಂದರೆ ಎಷ್ಟು ಶಕ್ತಿಯನ್ನು ಪಡೆಯಬಹುದೆಂಬ ಲೆಕ್ಕವು ಆತನ ಕಾಲವಾದ ಮೇಲೆ ಜರ್ಮನಿಯ ಗಟಿಂಗೆನ್ನಿನಲ್ಲಿ ಆಲ್ಬರ್ಟ್ ಬೆಟ್ಸ್ ಎಂಬ ವಿಜ್ಞಾನಿಯಿಂದ ಬಂದಿತು: ಇಪ್ಪತ್ತೇಳರಲ್ಲಿ ಹದಿನಾರು ಪಾಲು, ಅಂದರೆ ನೂರಕ್ಕೆ 59.3ರಷ್ಟು. ಇದರ ಕಾರಣವು ಗಹನವೇನಲ್ಲ. ಗಾಳಿಯ ಶಕ್ತಿಯನ್ನೆಲ್ಲ ಕಸಿದುಕೊಂಡರೆ ಗಾಳಿಯು ಚಕ್ರದ ಹಿಂದೆಯೇ ಸತ್ತು ನಿಲ್ಲುತ್ತದೆ. ನಿಂತ ಗಾಳಿಯು ಹಿಂದಿನಿಂದ ಬರುವ ಗಾಳಿಗೆ ಗೋಡೆಯಾಗುತ್ತದೆ. ಮುಂದೆ ಪಡೆಯಬೇಕಾದರೆ ಈಗ ಒಂದಿಷ್ಟನ್ನು ಬಿಡಲೇಬೇಕು. ಆಸ್ಕೋವಿನ ಪಟ್ಟಿಯು ಜಾರುತ್ತ ಹೇಳಿದ ಮಾತನ್ನೇ ಗಟಿಂಗೆನ್ನಿನ ಗಣಿತವು ಬೇರೆ ದಾರಿಯಿಂದ ಬಂದು ಹೇಳಿದಂತಾಯಿತು.

ಆದರೆ ಯಂತ್ರದ ನಿಯಂತ್ರಣಕ್ಕೆ ಕೊನೆಗೆ ಮನುಷ್ಯನೊಬ್ಬನು ಬೇಕು. ಕೀಲು ಸವೆದಾಗ ಎಣ್ಣೆ ಹಾಕುವವನು, ಕೋಶದ ಆಮ್ಲವನ್ನು ನೋಡುವವನು ಹಳ್ಳಿಯಲ್ಲಿಯೇ ಇರದಿದ್ದರೆ ಅತಿ ಜಾಣ ಯಂತ್ರವೂ ವರ್ಷದೊಳಗೆ ತುಕ್ಕಿನ ರಾಶಿಯಾಗುತ್ತದೆಂಬುದನ್ನು ಲಾ ಕೂರನು ಅರಿತಿದ್ದನು. 1903ರಲ್ಲಿ ಡೇನಿಷ್ ಗಾಳಿವಿದ್ಯುತ್ ಸಂಘವು ಸ್ಥಾಪಿತವಾಯಿತು. ಮರುವರ್ಷ ಆಸ್ಕೋವಿನಲ್ಲಿ ಗ್ರಾಮೀಣ ವಿದ್ಯುತ್ ಕೆಲಸಗಾರರಿಗಾಗಿ ತರಬೇತಿ ತರಗತಿಗಳು ಪ್ರಾರಂಭವಾದವು. ಸ್ವರಚಕ್ರದ ಹಕ್ಕಿಗಾಗಿ ಒಮ್ಮೆ ವಾದಿಸಿ ದಣಿದವನು, ಗಾಳಿಯ ವಿಷಯದಲ್ಲಿ ತನಗೆ ತಿಳಿದುದನ್ನು ವರದಿಗಳಾಗಿ ಅಚ್ಚುಹಾಕಿಸಿ, ಕೇಳಿ ಬಂದ ಹುಡುಗರಿಗೆಲ್ಲ ಹಂಚಿದನು. 1908ರ ಏಪ್ರಿಲಿನಲ್ಲಿ ಆತನು ತೀರಿಕೊಂಡನು. ಮೊದಲ ಮಹಾಯುದ್ಧದಲ್ಲಿ ಇಂಧನದ ಅಭಾವ ತಲೆದೋರಿದಾಗ ಆತನ ಶಿಕ್ಷಣದ ಬೆಲೆ ಗೋಚರವಾಯಿತು: 1918ರ ವೇಳೆಗೆ ಡೆನ್ಮಾರ್ಕಿನ ಸುಮಾರು 120 ಸ್ಥಳೀಯ ವಿದ್ಯುತ್ ಕೇಂದ್ರಗಳಲ್ಲಿ 20ರಿಂದ 35 ಕಿಲೋವ್ಯಾಟಿನ ಗಾಳಿಯಂತ್ರಗಳು ತಿರುಗುತ್ತಿದ್ದು, ದೇಶದ ವಿದ್ಯುತ್ತಿನ ನೂರಕ್ಕೆ ಮೂರು ಪಾಲನ್ನು ಒದಗಿಸುತ್ತಿದ್ದವು.

1904ರ ತರಗತಿಯಲ್ಲಿ ಕುಳಿತವರಲ್ಲಿ ಯೊಹಾನೆಸ್ ಯೂಲ್ ಎಂಬ ಹದಿನೇಳರ ಹುಡುಗನಿದ್ದನು. ಆತನು ವಿದ್ಯುತ್ ಕಂಪನಿಯಲ್ಲಿ ದುಡಿದು, ಅರುವತ್ತರ ಹೊಸ್ತಿಲಲ್ಲಿ ಮತ್ತೆ ಗಾಳಿಯ ಕಡೆ ತಿರುಗಿ, 1957ರಲ್ಲಿ ಗೆಡ್ಸರ್ ಎಂಬ ಕಡಲ ತೀರದ ಊರಿನ ಬಳಿ 200 ಕಿಲೋವ್ಯಾಟಿನ ಯಂತ್ರವನ್ನು ಕಟ್ಟಿದನು: ಮೂರು ರೆಕ್ಕೆಗಳು, 24 ಮೀಟರಿನ ವ್ಯಾಸ. ಅದರಲ್ಲಿ ಜಾರುವ ಪಟ್ಟಿಯೂ ಇಲ್ಲ, ತೂಕದ ತೋಳೂ ಇಲ್ಲ. ಗಾಳಿ ಮಿತಿಮೀರಿದಾಗ ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿಯು ರೆಕ್ಕೆಯನ್ನು ಬಿಟ್ಟು ಸಿಡಿದು, ಎಳೆಯುವ ಬಲವು ತಾನಾಗಿ ಕುಂದುವಂತೆ ರೆಕ್ಕೆಗಳ ಓರೆಯನ್ನೇ ಆತನು ಗೊತ್ತುಮಾಡಿದ್ದನು. ವೇಗವು ಅಪಾಯಕ್ಕೇರಿದರೆ ರೆಕ್ಕೆಯ ತುದಿಗಳು ಕೇಂದ್ರಾಪಗಾಮಿ ಬಲದಿಂದ ತಿರುಗಿ ನಿಂತು ತಡೆಯಾಗುತ್ತಿದ್ದವು. ಗುರುವು ಪಟ್ಟಿಗೆ ಕಲಿಸಿದ ಪಾಠವನ್ನು ಶಿಷ್ಯನು ಗಾಳಿಗೇ ಕಲಿಸಿದನೆನ್ನಬೇಕು. ಆ ಯಂತ್ರವು 1967ರವರೆಗೆ ನಡೆಯಿತು. ಸರಿಸುಮಾರು ಅದೇ ಕಾಲದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಪ್ರಾಧ್ಯಾಪಕ ಉಲ್ರಿಕ್ ಹ್ಯೂಟ್ಟರನು, 34 ಮೀಟರ್ ವ್ಯಾಸದ ತನ್ನ ಎರಡು ರೆಕ್ಕೆಯ ಯಂತ್ರದಲ್ಲಿ, ಗಾಳಿಗೆ ತಕ್ಕಂತೆ ಇಡೀ ರೆಕ್ಕೆಯನ್ನೇ ಅದರ ಬುಡದಲ್ಲಿ ಹೊರಳಿಸುವ ಇನ್ನೊಂದು ಮಾರ್ಗವನ್ನು ಹಿಡಿದನು. ಇಂದಿನ ದೈತ್ಯಯಂತ್ರಗಳು ಯೂಲನಿಂದ ಮೂರು ರೆಕ್ಕೆಗಳನ್ನೂ ಹ್ಯೂಟ್ಟರನ ಮಾರ್ಗದಿಂದ ಹೊರಳುವ ಬುಡವನ್ನೂ ಪಡೆದಿವೆ.

ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಬಳಿ ಕುಳಿತವರು ಬೆಟ್ಟದ ನೆತ್ತಿಯ ಗಾಳಿಯಂತ್ರಗಳನ್ನು ನೋಡಿ, “ಮರ ಕಿತ್ತುಹೋಗೋ ಹಾಗೆ ಗಾಳಿ ಬೀಸ್ತಾ ಇದೆ, ಇದು ಮಾತ್ರ ನಿಧಾನಕ್ಕೇ ತಿರುಗ್ತಾ ಇದೆಯಲ್ಲ, ಕೆಟ್ಟಿದೆಯೋ ಏನೋ” ಎಂದು ಶಂಕಿಸುವುದನ್ನು ನಾನು ಕೇಳಿದ್ದೇನೆ. ಕೆಟ್ಟಿರುವುದಿಲ್ಲ. ಗಾಳಿ ಮಂದವಾಗಿರುವಾಗ ಯಂತ್ರವು ರೆಕ್ಕೆಯನ್ನು ಪೂರ್ತಿಯಾಗಿ ಗಾಳಿಗೊಡ್ಡಿ, ದಕ್ಕುವುದನ್ನೆಲ್ಲ ದಕ್ಕಿಸಿಕೊಳ್ಳುವ ವೇಗದಲ್ಲಿ ತಿರುಗುತ್ತದೆ. ಗಾಳಿಯು ಸೆಕೆಂಡಿಗೆ ಹನ್ನೆರಡು ಮೀಟರಿನ ಆಸುಪಾಸಿಗೆ ಬಂದಿತೆಂದರೆ, ರೆಕ್ಕೆಗಳು ಕೊಂಚಕೊಂಚವೇ ಬುಡದಲ್ಲಿ ಹೊರಳಿ ಹೆಚ್ಚಾದುದನ್ನು ಹಾಯಗೊಟ್ಟು, ಅಳತೆಯಷ್ಟನ್ನೇ ಉಳಿಸಿಕೊಳ್ಳುತ್ತವೆ. ಇಪ್ಪತ್ತೈದನ್ನು ಮುಟ್ಟಿದರೆ ಸಾಮಾನ್ಯವಾಗಿ ಯಂತ್ರವು ರೆಕ್ಕೆಯ ಅಂಚನ್ನು ಗಾಳಿಗೆ ಕೊಟ್ಟು ವಿಶ್ರಮಿಸುತ್ತದೆ. ತಿರುಗುವ ವೇಗ, ಹುಟ್ಟುವ ವಿದ್ಯುತ್ತು, ರೆಕ್ಕೆಯ ಓರೆ ಇವನ್ನು ಕ್ಷಣಕ್ಷಣಕ್ಕೂ ಅಳೆದು ಈ ತೀರ್ಮಾನಗಳನ್ನು ಮಾಡುವುದು ಕಂಬದೊಳಗಿನ ಗಣಕ. ಆ ಗಣಕಕ್ಕೆ ಬುದ್ಧಿ ಕಲಿಸುವುದೇ ಇಂದಿನ ನಿಯಂತ್ರಣ ಶಾಸ್ತ್ರದ ಪ್ರಾಧ್ಯಾಪಕರ ಕೆಲಸ. ರೆಕ್ಕೆ ನೂರು ಮೀಟರಿನಷ್ಟು ಉದ್ದವಾಗಿ ಬಳುಕತೊಡಗಿರುವಾಗ, ಬಚ್ಚಲಿನವನ ಅವಸರವು ಅದಕ್ಕೆ ಅಂಟದಂತೆ ನೋಡಿಕೊಳ್ಳುವುದು ಸಾಮಾನ್ಯ ಸಾಹಸವಲ್ಲ.

ಆ ಪ್ರಯಾಣಿಕರಿಗೆ ಇಷ್ಟನ್ನೆಲ್ಲ ಹೇಳುವಷ್ಟರಲ್ಲಿ ಅವರು ಇಳಿಯುವ ಊರು ಬಂದುಬಿಡುತ್ತದೆ. ಆದಕಾರಣ ನಾನು ಈಚೆಗೆ ಕಣದ ಮಾತನ್ನೇ ಎತ್ತುತ್ತೇನೆ: “ಬಿರುಗಾಳಿಯಲ್ಲಿ ರಾಶಿ ತೂರುವಾಗ ನೀವು ಮೊರ ಎಲ್ಲಿ ಹಿಡಿಯುತ್ತೀರಿ?” ಒಮ್ಮೆ ಹಾಗೆ ಕೇಳಿದಾಗ ಹಿರಿಯರೊಬ್ಬರು ಮಾತಾಡದೆ, ಎರಡೂ ಕೈಗಳನ್ನು ತಲೆಯ ಮಟ್ಟದಿಂದ ಮೆಲ್ಲನೆ ಸೊಂಟಕ್ಕಿಳಿಸಿ ತೋರಿಸಿ, ಮತ್ತೆ ಬೆಟ್ಟದ ಕಡೆ ನೋಡಿ, “ಓ, ಇದೂ ಹಾಗೇನೋ” ಎಂದರು.